ಅಮ್ಮನಿಗೂ ಒಂದು ಸೈಕಲ್

ಕಳೆದ ಮಳೆಗಾಲಕ್ಕೆ ಮುಂಚೆ 44 ವರ್ಷದ ಗೃಹಿಣಿಯೊಬ್ಬರು ನನ್ನ ಬಳಿ ಬಂದಿದ್ದರು. ಆಗತಾನೇ ಸಕ್ಕರೆ ಕಾಯಿಲೆ ಪತ್ತೆಯಾಗಿತ್ತು. ಮೈಭಾರ ಹೆಚ್ಚು, ಮಂಡಿನೋವು ಬೇರೆ. ದಿನಾ ಅರ್ಧ ಗಂಟೆ ನಡೆಯಿರಿ ಎಂದೆ. “ಕಾಲು ಗಂಟೆ ನಡೆದರೆ ರಾತ್ರಿಯಿಡೀ ಮಂಡಿ ಹಿಡ್ಕೊಂಡು ಕೂರಬೇಕು ಡಾಕ್ಟ್ರೇ” ಎಂದರು.

“ಸೈಕಲ್ ಹೊಡೆಯೋಕೆ ಬರುತ್ತಾ?” ಎಂದು ಕೇಳಿದೆ. ಆಕೆ ನಕ್ಕುಬಿಟ್ಟರು. ಬರುತ್ತಿತ್ತು, ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ಲಿನಲ್ಲಿ ಕಲಿತಿದ್ದರಂತೆ. ಮನೆಯಲ್ಲಿ ಸೈಕಲ್ಲೂ ಇತ್ತು. ಮಗಳು ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರದಿಂದ ಸಿಕ್ಕಿದ್ದು. ಮಗಳು ಮದುವೆಯಾಗಿ ಹೋದ ಮೇಲೆ ಹಿತ್ತಿಲ ಗೋಡೆಗೆ ಒರಗಿ ನಿಂತಿದೆ. “ಆದರೆ ಈ ವಯಸ್ಸಲ್ಲಿ ನಾನು ಸೈಕಲ್ ಹತ್ತಿದರೆ ಬೀದಿಯವರು ಏನಂತಾರೆ? ಅದೂ ಅಲ್ಲದೆ, ಗರ್ಭಕೋಶ ಜಾರುತ್ತೆ ಅಂತಾರಲ್ಲ, ನಿಜವಾ?”

ಬಾಗಿಲವರೆಗೆ ಹೋದವರು ಮತ್ತೆ ತಿರುಗಿ ಇನ್ನೊಂದು ಮಾತು ಸೇರಿಸಿದರು: “ನಮ್ಮ ಬೀದಿ ರಸ್ತೆ ನೀವು ನೋಡಿಲ್ಲ ಬಿಡಿ.”

ನಿಮ್ಮ ಮನೆಯಲ್ಲೂ ಇಂಥದೊಂದು ಸೈಕಲ್ ಧೂಳು ಹಿಡಿಯುತ್ತಿರಬಹುದು. ಅದನ್ನು ತುಳಿಯಬೇಕಾದವರಿಗೆ ಇವೇ ಅಳುಕುಗಳೂ ಇರಬಹುದು. ಹಾಗಾಗಿ ಈ ವಾರ ಅವರ ಪ್ರಶ್ನೆಗಳನ್ನೇ ಹಿಡಿದು ಮಾತನಾಡೋಣ.

ವೈದ್ಯರೇ ಹೆದರಿಸಿದ ಕಾಲ

ಹೆಣ್ಣುಮಕ್ಕಳು ಸೈಕಲ್ ತುಳಿದರೆ ಆರೋಗ್ಯ ಕೆಡುತ್ತದೆ ಎಂಬ ಮಾತು ನಮ್ಮ ಅಜ್ಜಿಯರ ಸೃಷ್ಟಿಯಲ್ಲ. 1890ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಮಹಿಳೆಯರು ಸೈಕಲ್ ಏರತೊಡಗಿದಾಗ ಅಲ್ಲಿನ ಕೆಲವು ವೈದ್ಯರು ‘ಸೈಕಲ್ ಮುಖ’ ಎಂಬ ಹೊಸ ಕಾಯಿಲೆಯನ್ನೇ ಹುಡುಕಿದ್ದರು. ಕಣ್ಣು ಉಬ್ಬುತ್ತದೆ, ದವಡೆ ಬಿಗಿಯುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ ಎಂದು ಪತ್ರಿಕೆಗಳಲ್ಲಿ ಬರೆದರು. ಸೈಕಲ್ ಊರಿಗೆ ಹಳೆಯದಾದಂತೆ ಈ ಕಾಯಿಲೆ ತಾನೇ ಮಾಯವಾಯಿತು. ಔಷಧಿಯೇ ಬೇಕಾಗಲಿಲ್ಲ!

ಅದೇ ಕಾಲದಲ್ಲಿ ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ತಮ್ಮ 53ನೇ ವಯಸ್ಸಿನಲ್ಲಿ ಸೈಕಲ್ ಕಲಿತರು. ದಿನಕ್ಕೆ ಸುಮಾರು ಕಾಲು ಗಂಟೆಯಂತೆ ಮೂರು ತಿಂಗಳು ಹಿಡಿಯಿತೆಂದು ಅವರೇ ಬರೆದುಕೊಂಡಿದ್ದಾರೆ. ‘ಈ ವಯಸ್ಸಲ್ಲಿ’ ಎನ್ನುವವರು ಇದನ್ನು ನೆನಪಿಡಿ.

ಇನ್ನು ಗರ್ಭಕೋಶದ ಮಾತು. ಗರ್ಭಕೋಶ ಜಾರುವುದು ಅದನ್ನು ಕೆಳಗಿನಿಂದ ಎತ್ತಿ ಹಿಡಿಯುವ ಸ್ನಾಯು ಮತ್ತು ತಂತುಗಳು ಸಡಿಲಗೊಂಡಾಗ. ಮೇಲಿಂದ ಮೇಲೆ ಹೆರಿಗೆ, ಹೆರಿಗೆಯಲ್ಲಿ ಆದ ಪೆಟ್ಟು, ಬಾಣಂತನ ಮುಗಿಯುವ ಮೊದಲೇ ಭಾರ ಹೊರುವುದು, ವರ್ಷಗಟ್ಟಲೆ ಬಿಡದ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ನಂತರದ ದುರ್ಬಲತೆ ಇದಕ್ಕೆ ಕಾರಣಗಳು. ಸೈಕಲ್ ಈ ಪಟ್ಟಿಯಲ್ಲಿಲ್ಲ. ಎರಡು ಕೊಡ ನೀರು ಹೊತ್ತು ಅರ್ಧ ಮೈಲಿ ನಡೆಯುವ ಹೆಂಗಸಿಗೆ ಯಾರೂ ಗರ್ಭಕೋಶದ ಎಚ್ಚರಿಕೆ ಹೇಳುವುದಿಲ್ಲ, ಸೈಕಲ್ ಮುಟ್ಟಿದರೆ ಮಾತ್ರ ಹೇಳುತ್ತಾರೆ. ಇದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಈಗಾಗಲೇ ಗರ್ಭಕೋಶ ಜಾರಿರುವವರು ಮಾತ್ರ ಸ್ತ್ರೀರೋಗ ತಜ್ಞರನ್ನು ಕೇಳಿ ಮುಂದುವರಿಯಬೇಕು.

ತಾಯಂದಿರು ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆ ಇನ್ನೊಂದಿದೆ. ಮಗಳು ಸೈಕಲ್ ತುಳಿದರೆ ಕನ್ಯಾಪೊರೆಗೆ ಏನಾದರೂ ಆಗುತ್ತದೆಯೇ? ಆ ಪೊರೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ. ಆಟ, ಓಟ, ಜಿಗಿತ ಯಾವುದರಿಂದಲೂ ಹಿಗ್ಗಬಹುದು, ಏನೂ ಆಗದೆಯೂ ಇರಬಹುದು. ಅದನ್ನು ನೋಡಿ ಹೆಣ್ಣಿನ ನಡತೆ ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ನಡೆಸಕೂಡದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ಇದಕ್ಕಾಗಿ ಮಗಳ ಸೈಕಲ್ಲಿಗೆ ಬೀಗ ಹಾಕಬೇಡಿ. ಮುಟ್ಟಿನ ದಿನಗಳಲ್ಲೂ ಮೈಗೆ ಹಿತವೆನಿಸಿದರೆ ಸೈಕಲ್ ತುಳಿಯಬಹುದು.

ಲಾಭವೇನು?

ಮಂಡಿನೋವಿನವರಿಗೆ ನಾನು ಸೈಕಲ್ ಹೇಳುವುದಕ್ಕೆ ಕಾರಣವಿದೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಮಂಡಿ ಮಡಚಿ ಬಿಚ್ಚುವ ಕೆಲಸವಷ್ಟೇ ಉಳಿಯುತ್ತದೆ, ತೊಡೆಯ ಸ್ನಾಯು ಗಟ್ಟಿಯಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಉಪಕಾರವೂ ಉಂಟು. ತೊಡೆ ಮತ್ತು ಪೃಷ್ಠದ ಸ್ನಾಯುಗಳು ದೇಹದಲ್ಲೇ ದೊಡ್ಡವು. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ತಾನಾಗಿ ಎಳೆದುಕೊಳ್ಳುತ್ತದೆ. ಈ ಪರಿಣಾಮ ಇಳಿದ ಮೇಲೂ ಒಂದು ದಿನದಷ್ಟು ಕಾಲ ಉಳಿಯುತ್ತದೆ.

ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂದರೆ 150 ನಿಮಿಷ ಆಯಿತು. 2024ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನದ ಪ್ರಕಾರ 2022ರಲ್ಲಿ ಭಾರತದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಇಷ್ಟು ಚಟುವಟಿಕೆಯನ್ನೂ ಮಾಡುತ್ತಿರಲಿಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇ 42. ‘ಮನೆಗೆಲಸ ಸಾಲದೇ?’ ಎಂದು ಕೇಳುವವರಿದ್ದಾರೆ. ಮನೆಗೆಲಸ ದಣಿಸುತ್ತದೆ, ನಿಜ. ಆದರೆ ಹೃದಯ ಮತ್ತು ಶ್ವಾಸಕೋಶಗಳಿಗೆ ಬೇಕಾದ ಎಡೆಬಿಡದ ಶ್ರಮ ಅದರಲ್ಲಿ ಎಲ್ಲರಿಗೂ ಸಿಗುವುದಿಲ್ಲ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 13 ಸಾವಿರಕ್ಕೂ ಹೆಚ್ಚು ಮಹಿಳೆಯರೂ ಸೇರಿ ಸುಮಾರು 30 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗದವರಲ್ಲಿ ಸಾವಿನ ಪ್ರಮಾಣ, ಹೋಗುವವರಿಗಿಂತ ಶೇ 39ರಷ್ಟು ಹೆಚ್ಚಿತ್ತು. ಸೈಕಲ್ ತುಳಿಯುವವರು ಮೊದಲೇ ಆರೋಗ್ಯವಂತರಾಗಿರಬಹುದಲ್ಲವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬೇರೆ ವ್ಯಾಯಾಮ, ಬೀಡಿ–ಸಿಗರೇಟು ಇತ್ಯಾದಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಉಳಿದ ವ್ಯತ್ಯಾಸ ಇದು. ಪೂರ್ತಿ ಶ್ರೇಯ ಸೈಕಲ್ಲಿಗೇ ಎಂದು ನಾನೂ ಹೇಳುವುದಿಲ್ಲ.

ಸೈಕಲ್ ಮಾಡಲಾರದ ಕೆಲಸವೂ ಒಂದಿದೆ. ಭಾರವೆಲ್ಲ ಸೀಟಿನ ಮೇಲಿರುವುದರಿಂದ ಮೂಳೆ ಗಟ್ಟಿಯಾಗಲು ಅದೊಂದೇ ಸಾಲದು. ಮುಟ್ಟು ನಿಂತ ಮಹಿಳೆಯರು ಸ್ವಲ್ಪ ನಡಿಗೆ, ಸ್ವಲ್ಪ ತೂಕ ಎತ್ತುವ ವ್ಯಾಯಾಮವನ್ನೂ ಜೊತೆಗಿಟ್ಟುಕೊಳ್ಳಬೇಕು.

ಹತ್ತುವ ಮುನ್ನ

ನಮ್ಮಲ್ಲಿ ಬಹಳ ಮಂದಿ ಸೀಟನ್ನು ತೀರಾ ತಗ್ಗಿಸಿ ತುಳಿಯುತ್ತಾರೆ. ಕುಳಿತಲ್ಲೇ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕೆಂಬ ಆಸೆ. ಇದರಿಂದ ಮಂಡಿ ಅತಿಯಾಗಿ ಮಡಚಿ ನೋವು ಬರುತ್ತದೆ. ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ, ಕಾಲು ಹೆಚ್ಚುಕಡಿಮೆ ನೇರವಾಗಬೇಕು. ಅದು ಸರಿಯಾದ ಎತ್ತರ. ಕಲಿಯುವ ಮೊದಲ ವಾರ ಮಾತ್ರ ತಗ್ಗಿಸಿಕೊಳ್ಳಿ. ಮಹಿಳೆಯರ ಸೊಂಟದ ಮೂಳೆ ಅಗಲವಾದ್ದರಿಂದ ಸೀಟು ತುಸು ಅಗಲವಾಗಿರಲಿ, ಅದರ ಮೂತಿ ಮೇಲಕ್ಕೆ ಎದ್ದಿರದಿರಲಿ. ಮೂತ್ರ ಮಾಡುವ ಜಾಗದಲ್ಲಿ ಜೋಮು, ಉರಿ ಕಂಡರೆ ಸೀಟನ್ನೇ ಮೊದಲು ಅನುಮಾನಿಸಿ.

ಸೀರೆ ಉಟ್ಟೂ ಸೈಕಲ್ ತುಳಿಯಬಹುದು. ಚೈನಿಗೆ ಕವರ್, ಹಿಂದಿನ ಚಕ್ರಕ್ಕೆ ಜಾಲರಿ ಇರಬೇಕು. ಸೆರಗು ಸಿಕ್ಕಿಸಿಕೊಳ್ಳಿ. ದುಪಟ್ಟಾವನ್ನು ಎಂದೂ ಇಳಿಬಿಡಬೇಡಿ, ಚಕ್ರಕ್ಕೆ ಸುತ್ತಿಕೊಂಡರೆ ಕುತ್ತಿಗೆಗೆ ಪ್ರಾಣಾಪಾಯ. ಬೆಲ್, ಬ್ರೇಕ್, ಹಿಂದೆ ಕೆಂಪು ಪ್ರತಿಫಲಕ, ಕತ್ತಲಾದರೆ ದೀಪ, ತಲೆಗೊಂದು ಹೆಲ್ಮೆಟ್. ಇಷ್ಟಿದ್ದರೆ ಸಾಕು, ಸಾವಿರಾರು ರೂಪಾಯಿಯ ಗೇರ್ ಸೈಕಲ್ ಬೇಕಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ ನಾಲ್ಕು ಸುತ್ತಿಗೇ ಏದುಸಿರು ಬಂದರೆ ‘ನನಗಾಗದು’ ಎಂದು ಸೈಕಲ್ ಒರಗಿಸಬೇಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಜೊತೆಗೆ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಳ್ಳಬೇಕು. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ವೈದ್ಯರನ್ನು ಕಾಣಿ. ಗರ್ಭಿಣಿಯರಿಗೆ ತುಳಿಯುವುದರಿಂದ ತೊಂದರೆಯಿಲ್ಲ, ಬೀಳುವುದರಿಂದ ಇದೆ. ಹೊಟ್ಟೆ ಬೆಳೆದಂತೆ ಮೈಯ ಸಮತೋಲ ಬದಲಾಗುತ್ತದೆ, ಆಗ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಕ್ಷೇಮ. ಹೆರಿಗೆಯಾದವರು ವೈದ್ಯರು ಒಪ್ಪಿದ ಮೇಲೆ ಹತ್ತಿದರೆ ಸಾಕು.

ಒಂದು ಲಕ್ಷ ಹೆಂಗಸರು

ಬೀದಿಯವರು ಏನಂತಾರೆ? ಈ ಪ್ರಶ್ನೆಗೆ ಉತ್ತರ ಔಷಧಿ ಅಂಗಡಿಯಲ್ಲಿ ಇಲ್ಲ. ಆದರೆ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಿಗುತ್ತದೆ.

1991ರಲ್ಲಿ ಆ ಬಡ ಜಿಲ್ಲೆಯಲ್ಲಿ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನ ಶುರುವಾಯಿತು. ಅರಿವಿನ ಬೆಳಕು ಎಂದರ್ಥ. ಅಕ್ಷರ ಕಲಿಯುವ ಮತ್ತು ಕಲಿಸುವ ಹೆಂಗಸರಿಗೆ ಊರಿಂದೂರಿಗೆ ಓಡಾಡುವುದೇ ಕಷ್ಟ. ಬಸ್ಸುಗಳು ಅಪರೂಪ, ಇಲ್ಲದಿದ್ದರೆ ಗಂಡನೋ ಅಣ್ಣನೋ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಬೇಕು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಮುತುವರ್ಜಿಯಿಂದ ಸೈಕಲ್ ಕಲಿಕೆ ಸಾಕ್ಷರತೆಯ ಪಾಠದ ಭಾಗವೇ ಆಯಿತು. ಬ್ಯಾಂಕುಗಳು ಮಹಿಳೆಯರಿಗೆ ಸೈಕಲ್ ಸಾಲ ಕೊಡುವಂತೆ ಅವರು ನೋಡಿಕೊಂಡರು.

ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಬರೆದ ವರದಿ ಅವರ 1996ರ ಪುಸ್ತಕದಲ್ಲಿದೆ. ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಹೆಸರಿನಲ್ಲಿ ಆ ಪುಸ್ತಕ ಕನ್ನಡಕ್ಕೂ ಬಂದಿದೆ. ಕೂಲಿಯವರು, ಕಲ್ಲು ಕ್ವಾರಿಯ ಹೆಂಗಸರು, ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮೀಣ ನರ್ಸ್‌ಗಳು, ಹರಳು ಕತ್ತರಿಸುವವರು, ಶಿಕ್ಷಕಿಯರು ಎಲ್ಲರೂ ಕಲಿತರು. ಸಂಪ್ರದಾಯಸ್ಥ ಮುಸ್ಲಿಂ ಮನೆತನಗಳ ಯುವತಿಯರೂ ರಸ್ತೆಗಿಳಿದರು. ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರು. ಹತ್ತು ವರ್ಷ ದಾಟಿದ ಗ್ರಾಮೀಣ ಹೆಣ್ಣುಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು! 1992ರ ಮಹಿಳಾ ದಿನದಂದು 1500ಕ್ಕೂ ಹೆಚ್ಚು ಹೆಂಗಸರು ಪುದುಕ್ಕೋಟೈ ಪಟ್ಟಣದಲ್ಲಿ ಸೈಕಲ್ ಮೆರವಣಿಗೆ ಹೊರಟರು. ಲೇಡೀಸ್ ಸೈಕಲ್ ಸಾಲದೆ ಎಷ್ಟೋ ಮಂದಿ ಗಂಡಸರ ಸೈಕಲ್ಲನ್ನೇ ತುಳಿದರು. ಮುಂದಿನ ಅಡ್ಡ ಸರಳಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಕೆಲವರಿಗೆ ಅದೇ ಹಿಡಿಸಿತು.

ಆರಂಭದಲ್ಲಿ ಗಂಡಸರು ಕೆಟ್ಟ ಮಾತಾಡಿದ್ದುಂಟು. ಆದರೆ ಒಬ್ಬಳನ್ನು ಗೇಲಿ ಮಾಡುವುದು ಸುಲಭ, ಸಾವಿರ ಜನರನ್ನು ಮಾಡಲಾಗದು. ಒಂಟಿಯಾಗಿ ಧೈರ್ಯ ತಂದುಕೊಳ್ಳಿ ಎಂದು ಅಲ್ಲಿ ಯಾರಿಗೂ ಉಪದೇಶ ಮಾಡಲಿಲ್ಲ, ಒಟ್ಟಿಗೆ ಬೀದಿಗಿಳಿಸಿದರು. ನೀರು ತರುವುದು, ಹಾಲು–ತರಕಾರಿ ಮಾರುವುದು, ಮಗುವನ್ನು ಆಸ್ಪತ್ರೆಗೆ ಒಯ್ಯುವುದು ಎಲ್ಲಕ್ಕೂ ಬಸ್ಸಿನ ಹಂಗು ಕಡಿಮೆಯಾಯಿತು. ಹೊತ್ತಿಗೆ ಮುಂಚೆ ಮನೆ ಸೇರಿದ ತಾಯಿಗೆ ಕೊಂಚ ವಿರಾಮ ಸಿಕ್ಕಿತು. ಅದೂ ಆರೋಗ್ಯದ ಲೆಕ್ಕಕ್ಕೇ ಸೇರಬೇಕು.

ಶಾಲೆ ಮುಗಿದ ಮೇಲೆ

ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಬಂತು. ಬಿಹಾರದಲ್ಲೂ 2006ರಲ್ಲಿ ಹೈಸ್ಕೂಲ್ ಹುಡುಗಿಯರಿಗೆ ಸೈಕಲ್ ಯೋಜನೆ ಆರಂಭವಾಯಿತು. ಅದರಿಂದ ತಕ್ಕ ವಯಸ್ಸಿಗೆ ಹೈಸ್ಕೂಲ್ ಸೇರುವ ಹುಡುಗಿಯರು ಶೇ 32ರಷ್ಟು ಹೆಚ್ಚಿದರೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿದ್ದಾರೆ. ಹುಡುಗಿಯರು ಸೈಕಲ್ ತುಳಿಯಬಲ್ಲರು ಎಂಬುದರಲ್ಲಿ ಅನುಮಾನ ಉಳಿದಿಲ್ಲ. ಆದರೆ ಓದು ಮುಗಿದ ಮೇಲೆ ಆ ಸೈಕಲ್ ತಮ್ಮನ ಪಾಲಾಗುತ್ತದೆ, ಇಲ್ಲವೇ ಹಿತ್ತಿಲು ಸೇರುತ್ತದೆ. ಯಾಕೆ? ಜನರ ಬಾಯಿಯ ಜೊತೆಗೆ ನನ್ನ ರೋಗಿ ಬಾಗಿಲಲ್ಲಿ ನಿಂತು ಹೇಳಿದ ಕಾರಣವೂ ಇದೆ: ರಸ್ತೆ.

ಹಾಲೆಂಡ್ ಎಂದೊಡನೆ ನಮಗೆ ಸೈಕಲ್ ನೆನಪಾಗುತ್ತದೆ. ಅಲ್ಲಿ ಅದು ಮೊದಲಿನಿಂದಲೂ ಹಾಗೇ ಇತ್ತು ಎಂದುಕೊಂಡಿದ್ದರೆ ತಪ್ಪು. ಎರಡನೇ ಮಹಾಯುದ್ಧದ ನಂತರ ಅಲ್ಲಿಯೂ ಕಾರು ಹೆಚ್ಚಿ ಸೈಕಲ್ ಇಳಿಯಿತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು 1972ರಲ್ಲಿ ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನ ಚಳವಳಿಯೇ ಹುಟ್ಟಿತು. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯ ಫಾನ್ ಪುಟನ್ ಎಂಬ ಯುವ ತಾಯಿ. ಈ ತಂದೆತಾಯಂದಿರು ಅಪಘಾತದ ಜಾಗಗಳಲ್ಲಿ ಕುಳಿತು ರಸ್ತೆ ತಡೆದರು, ಸೈಕಲ್ ಮೆರವಣಿಗೆ ಮಾಡಿದರು, ಬೀದಿ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟು ಅಲ್ಲೇ ಮೇಜು ಹಾಕಿ ಊಟ ಮಾಡಿದರು. 1973ರ ತೈಲ ಬಿಕ್ಕಟ್ಟೂ ಅವರ ಮಾತಿಗೆ ಬಲ ಕೊಟ್ಟಿತು. ಕ್ರಮೇಣ ಸೈಕಲ್ಲಿಗೇ ಬೇರೆ ದಾರಿಗಳಾದವು, ವಸತಿ ಬೀದಿಗಳಲ್ಲಿ ಕಾರುಗಳ ವೇಗ ತಗ್ಗಿತು. 2023ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 684 ಜನ. ಇಂದು ಅಲ್ಲಿನ ಓಡಾಟದಲ್ಲಿ ಕಾಲು ಭಾಗಕ್ಕೂ ಹೆಚ್ಚು ಸೈಕಲ್ಲಿನಲ್ಲೇ ನಡೆಯುತ್ತದೆ. ತುಳಿಯುವವರಲ್ಲಿ ಹೆಂಗಸರು ಗಂಡಸರಿಗೆ ಕಡಿಮೆಯೇನಿಲ್ಲ.

ನಮ್ಮ ಬೀದಿಯಲ್ಲಿ ಕೇಳಬೇಕಾದ್ದು ಇಷ್ಟು ದೊಡ್ಡದಿರಬೇಕಿಲ್ಲ. ಚರಂಡಿಯ ಮುರಿದ ಚಪ್ಪಡಿ, ರಸ್ತೆಯುದ್ದಕ್ಕೆ ಸಮನಾಗಿ ಹಾಕಿ ಸೈಕಲ್ ಚಕ್ರ ಸಿಕ್ಕಿಕೊಳ್ಳುವ ಕಬ್ಬಿಣದ ಜಾಲರಿ, ಬಣ್ಣ ಬಳಿಯದ ಹಂಪು, ಉರಿಯದ ಬೀದಿದೀಪ, ಡಾಂಬರಿನ ಅಂಚಿನಿಂದ ಗೇಣುದ್ದ ಇಳಿದ ಮಣ್ಣು, ಬಸ್ ನಿಲ್ದಾಣದಲ್ಲಿ ಸೈಕಲ್ ನಿಲ್ಲಿಸಲು ಇಲ್ಲದ ಜಾಗ. ಕಾರಿನಲ್ಲಿ ಹೋಗುವವರಿಗೆ ಇವು ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಭಾನುವಾರ ಮನೆಯವರೆಲ್ಲ ಸೇರಿ ಶಾಲೆಗೋ ಮಾರುಕಟ್ಟೆಗೋ ಹೋಗುವ ದಾರಿಯಲ್ಲಿ ನಡೆದು ನೋಡಿ, ಕಂಡದ್ದನ್ನು ಬರೆದುಕೊಳ್ಳಿ. ಹಳ್ಳಿಯಾದರೆ ವಾರ್ಡ್ ಸಭೆ, ಗ್ರಾಮಸಭೆಯಲ್ಲಿ ಹೇಳಿ. ಮಕ್ಕಳ ಗ್ರಾಮಸಭೆಯಲ್ಲಿ ನಿಮ್ಮ ಮಗಳೇ ಎದ್ದು ನಿಂತು ಶಾಲೆಯ ದಾರಿಯ ದೀಪದ ಮಾತು ಎತ್ತಬಹುದು. ನಮ್ಮ ಪಂಚಾಯಿತಿಗಳಲ್ಲಿ 2010ರ ತಿದ್ದುಪಡಿಯ ನಂತರ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು, ಅವರಲ್ಲಿ ಸೈಕಲ್ ತುಳಿದು ಶಾಲೆಗೆ ಹೋದವರೂ ಇದ್ದಾರೆ. ಪಟ್ಟಣದಲ್ಲಿ ವಾರ್ಡಿನ ಸದಸ್ಯರಿಗೂ ಪುರಸಭೆಯ ಕಚೇರಿಗೂ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಬಿಡಬೇಡಿ. ಜಾಗದ ಗುರುತು, ದಿನಾಂಕ, ಹತ್ತಾರು ಸಹಿ ಇರಲಿ, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ತಿಂಗಳ ನಂತರ ಅದೇ ಪ್ರತಿ ಹಿಡಿದು ಮತ್ತೆ ಹೋಗಿ.

ನನ್ನ ಆ ರೋಗಿ ಕಳೆದ ತಿಂಗಳು ಮತ್ತೆ ಬಂದಿದ್ದರು. ಹಿತ್ತಿಲ ಸೈಕಲ್ಲಿಗೆ ಹೊಸ ಟ್ಯೂಬು, ಅಗಲದ ಸೀಟು ಹಾಕಿಸಿದ್ದಾರೆ. ಮೊದಲು ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಪಕ್ಕದ ಮನೆಯವರ ಜೊತೆ ಇಬ್ಬರೇ ಸುತ್ತು ಹಾಕುತ್ತಿದ್ದರಂತೆ, ಈಗ ಐದು ಜನ ಆಗಿದ್ದಾರೆ. ಮೂರು ತಿಂಗಳ ಸಕ್ಕರೆಯ ಸರಾಸರಿ 8.4ರಿಂದ 7.3ಕ್ಕೆ ಇಳಿದಿದೆ, ಮಾತ್ರೆಯ ಪಾಲೂ ಅದರಲ್ಲಿ ಇದೆ. ಮಂಡಿನೋವು ಪೂರ್ತಿ ಹೋಗಿಲ್ಲ. ಐವರೂ ಸಹಿ ಮಾಡಿ ಕೊಟ್ಟ ಅರ್ಜಿಗೆ ಮೂಲೆಯ ಕಂಬದ ದೀಪ ಹತ್ತಿದೆ. ಚರಂಡಿಯ ಚಪ್ಪಡಿ ಇನ್ನೂ ಹಾಗೇ ಇದೆಯಂತೆ. “ಸೋಮವಾರ ಮತ್ತೆ ಹೋಗ್ತೀವಿ, ಸೈಕಲ್ ಮೇಲೇ ಹೋಗ್ತೀವಿ” ಎಂದು ಹೇಳಿ ಹೋದರು.